ರೇಸ್, ಕ್ಲಾಸ್ ಬ್ಯಾಲೆನ್ಸ್: ನಿಮ್ಮ ಟೇಬಲ್‌ಗೆ ಯಾವ ಪದ್ಧತಿ ಹೊಂದುತ್ತದೆ?

ಫ್ಯಾಂಟಸಿ ಆರ್‌ಪಿಜಿ ಅಂದರೆ ಟೇಬಲ್ ಸುತ್ತ ಕೂತು, ದಾಳ ಉರುಳಿಸುತ್ತಾ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಆಡುವ ಆಟ. ಪಾತ್ರದ ಕುಲ (ಎಲ್ಫ್, ಡ್ವಾರ್ಫ್) ಅದರ ರೇಸ್, ಕಸುಬು (ಕತ್ತಿ ಹಿಡಿಯುವ ಫೈಟರ್, ಮಂತ್ರ ಹಾಕುವ ವಿಜರ್ಡ್) ಅದರ ಕ್ಲಾಸ್. ಇದನ್ನು ಆಡಿಸುವವರು ಬ್ಯಾಲೆನ್ಸ್ (ಪಾತ್ರಗಳ ನಡುವಿನ ಸಮತೋಲ) ಅಂದ ಕೂಡಲೇ ಕ್ಯಾಲ್ಕ್ಯುಲೇಟರ್ ಹಿಡಿಯುತ್ತಾರೆ. ಫೈಟರ್ ಒಂದು ರೌಂಡ್‌ಗೆ ಎಷ್ಟು ಡ್ಯಾಮೇಜ್ ಮಾಡುತ್ತಾನೆ, ವಿಜರ್ಡ್ ಎಷ್ಟು, ಎರಡೂ ಸಮ ಇದೆಯಾ? ಸಮ ಇರಲೇಬೇಕು ಅಂತೇನಿಲ್ಲ. ನಾನು ನೋಡುವುದು ಇಷ್ಟೇ: ಟೇಬಲ್ ಸುತ್ತ ಕೂತವರಲ್ಲಿ ಯಾರಾದರೂ ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುವ ಹಾಗೆ ಆಗಿದ್ದಾರಾ? ಆಗಿದ್ದರೆ ಬ್ಯಾಲೆನ್ಸ್ ಕೆಟ್ಟಿದೆ. ಇಲ್ಲ ಅಂದರೆ ಡ್ಯಾಮೇಜ್‌ನಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇದ್ದರೂ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ.

ಇದನ್ನು ಸರಿಮಾಡಲು ಐವತ್ತು ವರ್ಷಗಳಲ್ಲಿ ಹಲವು ಪದ್ಧತಿಗಳು ಬಂದುಹೋಗಿವೆ. ಒಂದೊಂದಕ್ಕೂ ಒಂದೊಂದು ಥರದ ಟೇಬಲ್ ಹೊಂದುತ್ತದೆ. ಹಾಗಾಗಿ ಮೊದಲು ನಿಮ್ಮ ಆಟದ ಬಗ್ಗೆ ಎರಡು ವಿಷಯ ಗೊತ್ತಿರಬೇಕು. ನಿಮ್ಮ ಕಥೆಯಲ್ಲಿ ಒಂದು ಪೂರ್ತಿ ರಾತ್ರಿಯ ನಿದ್ದೆಗೂ ಇನ್ನೊಂದಕ್ಕೂ ನಡುವೆ ಎಷ್ಟು ಹೊಡೆದಾಟ ಬರುತ್ತವೆ? ಮತ್ತು ಈ ಕ್ಯಾಂಪೇನ್ (ಹಲವು ಸಲ ಕೂತು ಆಡುವ ಉದ್ದ ಕಥೆ) ಎಷ್ಟನೇ ಲೆವೆಲ್‌ವರೆಗೆ (ಅನುಭವ ಬಂದಂತೆ ಪಾತ್ರ ಏರುವ ಮೆಟ್ಟಿಲು) ಹೋಗುವ ಸಾಧ್ಯತೆ ಇದೆ? ಇವೆರಡಕ್ಕೂ ಉತ್ತರ ಇಲ್ಲದೆ ರೂಲ್ಸ್ ತಿದ್ದಲು ಕೂತರೆ ಸುಮ್ನೆ ಹೊತ್ತು ಹಾಳು.

ರೇಸ್: ಕೂಡಿಸಿ ಕಳೆಯುವ ಪದ್ಧತಿ

ಎಲ್ಲರಿಗೂ ಗೊತ್ತಿರುವ ದಾರಿ ಇದು. ಎಲ್ಫ್‌ಗೆ ಚುರುಕುತನ ಜಾಸ್ತಿ, ತಾಳಿಕೆ ಕಡಿಮೆ. 2000ದಲ್ಲಿ ಬಂದ ಡಂಜನ್ಸ್ ಅಂಡ್ ಡ್ರಾಗನ್ಸ್ ಮೂರನೇ ಆವೃತ್ತಿಯಲ್ಲಿ ಎಲ್ಫ್‌ಗೆ ಡೆಕ್ಸ್ಟೆರಿಟಿ (ಚುರುಕುತನ) +2, ಕಾನ್‌ಸ್ಟಿಟ್ಯೂಷನ್ (ತಾಳಿಕೆ) -2. ಹಾಫ್-ಆರ್ಕ್‌ಗೆ ಸ್ಟ್ರೆಂತ್ (ಮೈಬಲ) +2, ಆದರೆ ಇಂಟೆಲಿಜೆನ್ಸ್ (ಬುದ್ಧಿ) -2, ಕರಿಸ್ಮಾ (ಜನರನ್ನು ಸೆಳೆಯುವ ಗುಣ) -2. ಒಂದು ಕೊಟ್ಟು ಎರಡು ಕಿತ್ತುಕೊಂಡರು. ಸ್ಟ್ರೆಂತ್‌ಗೆ ಅಷ್ಟು ಬೆಲೆ ಇದೆ ಅಂತ ಅವರ ಲೆಕ್ಕ. ಕತ್ತಿ ಹಿಡಿದು ಬಾರ್ಬೇರಿಯನ್ ಆದರೆ ಆ ಎರಡು ನಷ್ಟಗಳು ಕಣ್ಣಿಗೇ ಬೀಳುವುದಿಲ್ಲ. ಹಾಫ್-ಆರ್ಕ್ ವಿಜರ್ಡ್ ಆಡಬೇಕು ಅಂತ ಆಸೆಪಟ್ಟವನಿಗೆ ಮಾತ್ರ ಪೆಟ್ಟು. ಅಂದರೆ ಈ ಪದ್ಧತಿ ರೇಸ್‌ಗಳನ್ನು ಒಂದಕ್ಕೊಂದು ಸಮ ಮಾಡುವುದಿಲ್ಲ, ಯಾವ ರೇಸ್ ಯಾವ ಕ್ಲಾಸ್ ಆಡಬೇಕು ಅಂತ ಮೊದಲೇ ಬರೆದಿಟ್ಟುಬಿಡುತ್ತದೆ.

"ಒಂದು ಅಂಕದಲ್ಲಿ ಏನು ಮಹಾ ವ್ಯತ್ಯಾಸ, 20 ಮುಖದ ದಾಳದಲ್ಲಿ ಬರೀ 5 ಶೇಕಡಾ ಅಲ್ವಾ" ಅನ್ನುವವರಿದ್ದಾರೆ. ಅದನ್ನು ಹತ್ತಿರದಿಂದ ನೋಡೋಣ. ಅದೇ ಆಟದ ಐದನೇ ಆವೃತ್ತಿಯ 2014ರ ರೂಲ್ಸ್ ತೆಗೆದುಕೊಳ್ಳಿ. ಎದುರಿಗೆ ಒಂದು ಗಾಬ್ಲಿನ್, ಆರ್ಮರ್ ಕ್ಲಾಸ್ 15 (ಏಟು ತಾಗಲು ದಾಳ, ಬೋನಸ್ ಸೇರಿ ಇಷ್ಟಾಗಬೇಕು), ಹಿಟ್ ಪಾಯಿಂಟ್ 7 (ಇಷ್ಟು ಡ್ಯಾಮೇಜ್ ಆದರೆ ಬಿದ್ದ ಹಾಗೆ). ಮೊದಲ ಲೆವೆಲ್‌ನ ಇಬ್ಬರು ಫೈಟರ್‌ಗಳು, ಇಬ್ಬರ ಕೈಯಲ್ಲೂ ಲಾಂಗ್‌ಸ್ವೋರ್ಡ್. ಒಬ್ಬನ ಸ್ಟ್ರೆಂತ್ 16 (ದಾಳಕ್ಕೆ +3), ಇನ್ನೊಬ್ಬನದು 14 (ದಾಳಕ್ಕೆ +2); ಏಟು ತಾಗಿಸಲು ತರಬೇತಿಯ +2 ಇಬ್ಬರಿಗೂ ಇದೆ. ಮೊದಲನೆಯವನಿಗೆ ದಾಳದಲ್ಲಿ 10 ಬಿದ್ದರೆ ಸಾಕು, 55 ಶೇಕಡಾ. ಎರಡನೆಯವನಿಗೆ 11 ಬೇಕು, 50 ಶೇಕಡಾ. ಇಲ್ಲಿವರೆಗೆ ಅವರು ಹೇಳುವುದು ನಿಜ. ಆದರೆ ಏಟು ಬಿದ್ದ ಮೇಲೆ ಗಾಬ್ಲಿನ್ ಸಾಯಬೇಕಲ್ಲ? ಮೊದಲನೆಯವನ ಡ್ಯಾಮೇಜ್‌ಗೆ 3 ಕೂಡುತ್ತದೆ, ಹಾಗಾಗಿ ಎಂಟು ಮುಖದ ದಾಳದಲ್ಲಿ 4 ಅಥವಾ ಮೇಲೆ ಬಂದರೆ ಮುಗಿಯಿತು. ಎರಡನೆಯವನಿಗೆ 5 ಬೇಕು. ಕ್ರಿಟಿಕಲ್ (20 ಬಿದ್ದಾಗ ಸಿಗುವ ದುಪ್ಪಟ್ಟು ಡ್ಯಾಮೇಜ್ ದಾಳ) ಲೆಕ್ಕ ಬಿಟ್ಟು ಎರಡನ್ನೂ ಗುಣಿಸಿದರೆ, ಒಂದೇ ಏಟಿಗೆ ಗಾಬ್ಲಿನ್ ಕೆಡವುವ ಸಾಧ್ಯತೆ ಮೊದಲನೆಯವನಿಗೆ ಸುಮಾರು 34 ಶೇಕಡಾ, ಎರಡನೆಯವನಿಗೆ 25. ಮೂರರಲ್ಲಿ ಒಂದು, ನಾಲ್ಕರಲ್ಲಿ ಒಂದು. ಇದು ಟೇಬಲ್‌ನಲ್ಲಿ ಗೊತ್ತಾಗುತ್ತದೆ.

ಹಾಗಂತ ಇದು ಕೆಟ್ಟ ಪದ್ಧತಿ ಅನ್ನಲಾರೆ. ಪ್ರತಿ ರೇಸ್‌ಗೂ ಒಂದು ಗಟ್ಟಿ ಗುಣ ಇರಬೇಕು, ಡ್ವಾರ್ಫ್ ಅಂದರೆ ಗಟ್ಟಿಮುಟ್ಟು ಅಂತ ದಾಳ ಉರುಳಿದಾಗಲೇ ಅನಿಸಬೇಕು ಅನ್ನುವವರಿಗೆ ಇದಕ್ಕಿಂತ ಸರಳವಾದದ್ದಿಲ್ಲ. ಆಟಗಾರರು ಹೊಸಬರಾದರೆ ಇದು ಅನುಕೂಲವೇ. ಆಯ್ಕೆ ಕಡಿಮೆ ಆಗುತ್ತದೆ, ಬೇಗ ಕ್ಯಾರೆಕ್ಟರ್ ರೆಡಿ ಆಗುತ್ತದೆ.

ಬೋನಸ್ ಎಲ್ಲಿ ಬೇಕಾದರೂ ಇಟ್ಟುಕೊಳ್ಳಿ ಅನ್ನುವ ಪದ್ಧತಿ

2020ರಲ್ಲಿ ಐದನೇ ಆವೃತ್ತಿಗೆ ಒಂದು ಐಚ್ಛಿಕ ನಿಯಮ ಬಂತು: ರೇಸ್‌ನಿಂದ ಬರುವ ಅಂಕಗಳನ್ನು ನಿಮಗೆ ಬೇಕಾದ ಗುಣಕ್ಕೆ ಹಾಕಿಕೊಳ್ಳಬಹುದು. ಹಾಫ್-ಆರ್ಕ್ ವಿಜರ್ಡ್ ಸಮಸ್ಯೆ ಒಂದೇ ದಿನದಲ್ಲಿ ಮಾಯ. ಒಳ್ಳೆಯದೇ. ಆದರೆ ಇನ್ನೊಂದು ಮೂಲೆಯಲ್ಲಿ ಹೊಸ ತೊಂದರೆ ಹುಟ್ಟಿತು, ಅದಕ್ಕೆ ಮೌಂಟನ್ ಡ್ವಾರ್ಫ್ ಒಳ್ಳೆ ಉದಾಹರಣೆ.

ಮೌಂಟನ್ ಡ್ವಾರ್ಫ್‌ಗೆ ಸ್ಟ್ರೆಂತ್ +2, ಕಾನ್‌ಸ್ಟಿಟ್ಯೂಷನ್ +2. ಬೇರೆಯವರಿಗೆ ಸಾಮಾನ್ಯವಾಗಿ +2, +1 ಇರುವಾಗ ಇವನಿಗೆ ಒಂದು ಅಂಕ ಜಾಸ್ತಿ. ಜೊತೆಗೆ ಮೀಡಿಯಂ ಆರ್ಮರ್ ಹಾಕುವ ತರಬೇತಿ. ಮೊದಲಿದ್ದ ರೂಲ್ಸ್ ಪ್ರಕಾರ ಇದು ಸರಿಯಾಗೇ ಇತ್ತು. ಯಾಕೆಂದರೆ ಸ್ಟ್ರೆಂತ್ ಬೇಕಾದ ಫೈಟರ್‌ಗೆ ಆ ಆರ್ಮರ್ ಹೇಗೂ ಬರುತ್ತದೆ, ಆರ್ಮರ್ ಬೇಕಾದ ವಿಜರ್ಡ್‌ಗೆ ಸ್ಟ್ರೆಂತ್ ಕಟ್ಟಿಕೊಂಡು ಏನೂ ಆಗಬೇಕಾಗಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಆ ಎಳೆದಾಟದಲ್ಲೇ ಬ್ಯಾಲೆನ್ಸ್ ಅಡಗಿತ್ತು. ಅಂಕಗಳನ್ನು ಬಿಡಿಸಿಕೊಟ್ಟ ತಕ್ಷಣ ಇಂಟೆಲಿಜೆನ್ಸ್ +2, ಕಾನ್‌ಸ್ಟಿಟ್ಯೂಷನ್ +2, ಮೇಲೆ ಬಿಟ್ಟಿ ಆರ್ಮರ್. ವಿಜರ್ಡ್ ಆಡುವವರಿಗೆ ಹಬ್ಬ!

ಇದರಿಂದ ಗೊತ್ತಾಗುವುದೇನೆಂದರೆ, ಅಂಕಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟರೆ ರೇಸ್‌ನ ಉಳಿದ ಗುಣಗಳೇ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಈ ಪದ್ಧತಿ ತರುವ ಮೊದಲು ಪ್ರತಿ ರೇಸ್‌ನ ಪಟ್ಟಿಯಲ್ಲಿ ಅಂಕದ ಸಾಲು ಅಳಿಸಿ, ಉಳಿದದ್ದನ್ನು ಪಕ್ಕಪಕ್ಕ ಇಟ್ಟು ನೋಡಿ. ಕೆಲವು ರೇಸ್ ಪೂರ್ತಿ ಬೋಳಾಗಿ ಕಾಣುತ್ತವೆ.

2024ರ ಪರಿಷ್ಕೃತ ರೂಲ್ಸ್ ಅಂಕಗಳನ್ನು ರೇಸ್‌ನಿಂದ ಕಿತ್ತು ಬ್ಯಾಕ್‌ಗ್ರೌಂಡ್‌ಗೆ, ಅಂದರೆ ಪಾತ್ರದ ಹಿಂದಿನ ಬದುಕಿಗೆ, ಕೊಟ್ಟಿದೆ. ಸೇಜ್ (ಪಂಡಿತ) ಅಂದರೆ ಕಾನ್‌ಸ್ಟಿಟ್ಯೂಷನ್, ಇಂಟೆಲಿಜೆನ್ಸ್, ವಿಸ್ಡಮ್ ಇವುಗಳಲ್ಲಿ ಅಂಕ. ಸೋಲ್ಜರ್ ಅಂದರೆ ಸ್ಟ್ರೆಂತ್, ಡೆಕ್ಸ್ಟೆರಿಟಿ, ಕಾನ್‌ಸ್ಟಿಟ್ಯೂಷನ್. ನನಗೇನೋ ಇದು ಕಸವನ್ನು ಈ ಕೋಣೆಯಿಂದ ಆ ಕೋಣೆಗೆ ಗುಡಿಸಿದ ಹಾಗೆ ಕಾಣುತ್ತದೆ. ಹಿಂದೆ ವಿಜರ್ಡ್‌ಗಳೆಲ್ಲ ಎಲ್ಫ್ ಅಥವಾ ನೋಮ್ ಆಗಿದ್ದರು, ಈಗ ಎಲ್ಲರೂ ಓದಿಕೊಂಡವರು. ಸೈನ್ಯದಲ್ಲಿದ್ದು ಆಮೇಲೆ ಮಂತ್ರ ಕಲಿತವನ ಕಥೆ ಬೇಕು ಅಂದರೆ ಅಂಕ ಕಳೆದುಕೊಳ್ಳಬೇಕು.

ಮಧ್ಯದ ದಾರಿ ಬೇಕು ಅನ್ನುವವರು ಪಾತ್‌ಫೈಂಡರ್ ಅನ್ನುವ ಇನ್ನೊಂದು ಆಟದ ಎರಡನೇ ಆವೃತ್ತಿ ನೋಡಿ, 2019ರದ್ದು. ರೇಸ್, ಬ್ಯಾಕ್‌ಗ್ರೌಂಡ್, ಕ್ಲಾಸ್ ಮೂರರಿಂದಲೂ ಸ್ವಲ್ಪ ಸ್ವಲ್ಪ ಅಂಕ ಬರುತ್ತದೆ, ಕೊನೆಗೆ ನಾಲ್ಕು ನಿಮ್ಮ ಇಷ್ಟಕ್ಕೆ. ನಿಮ್ಮ ಕ್ಲಾಸ್‌ನ ಮುಖ್ಯ ಗುಣದಲ್ಲೇ ರೇಸ್‌ನ ಕೊರತೆ ಇಲ್ಲದಿದ್ದರೆ ಯಾವ ರೇಸ್ ಆದರೂ 18 ಮುಟ್ಟಬಹುದು. ಕೊರತೆ ಇದ್ದರೆ 2019ರ ಮೂಲ ರೂಲ್ಸ್‌ನಲ್ಲಿ 16ಕ್ಕೆ ನಿಲ್ಲುತ್ತಿತ್ತು. ರೇಸ್‌ನ ವಿಶೇಷ ಗುಣಗಳು ಮೊದಲ ದಿನವೇ ಗಂಟುಕಟ್ಟಿ ಬರುವುದಿಲ್ಲ, 1, 5, 9, 13, 17ನೇ ಲೆವೆಲ್‌ಗಳಲ್ಲಿ ಒಂದೊಂದಾಗಿ ಆರಿಸಿಕೊಳ್ಳಬೇಕು. ಇದು ನನಗೆ ತುಂಬ ಇಷ್ಟ. ಡ್ವಾರ್ಫ್ ಆಗಿರುವುದು ಹದಿಮೂರನೇ ಲೆವೆಲ್‌ನಲ್ಲೂ ನೆನಪಿರುತ್ತದೆ. ಆದರೆ ಓದುವುದು, ಆರಿಸುವುದು ಜಾಸ್ತಿ. ತಿಂಗಳಿಗೊಮ್ಮೆ ಸೇರಿ ಎರಡು ಗಂಟೆ ಆಡುವವರಿಗೆ ಅಷ್ಟು ತಾಳ್ಮೆ ಇರುತ್ತದಾ ಅಂತ ನೀವೇ ನೋಡಿಕೊಳ್ಳಿ.

ಹಳೆ ಕಾಲದ ಪದ್ಧತಿಗಳು

ಡಂಜನ್ಸ್ ಅಂಡ್ ಡ್ರಾಗನ್ಸ್‌ನ 1974ರ ಮೊದಲ ಆವೃತ್ತಿಯಲ್ಲಿ ಡ್ವಾರ್ಫ್, ಎಲ್ಫ್, ಹಾಫ್‌ಲಿಂಗ್‌ಗಳಿಗೆ ಲೆವೆಲ್‌ನ ಮೇಲೆ ಮಿತಿ ಇತ್ತು. ಡ್ವಾರ್ಫ್ 6ನೇ ಲೆವೆಲ್ ದಾಟುವ ಹಾಗಿಲ್ಲ. ಮನುಷ್ಯರಿಗೆ ಮಿತಿ ಇಲ್ಲ. 1981ರ ಬೇಸಿಕ್ ಪೆಟ್ಟಿಗೆಯಲ್ಲಿ ಇನ್ನೂ ಸರಳ ಮಾಡಿದರು: ಎಲ್ಫ್ ಅನ್ನುವುದೇ ಒಂದು ಕ್ಲಾಸ್. ಕತ್ತಿಯೂ ಹಿಡಿಯುತ್ತಾನೆ, ಮಂತ್ರವೂ ಹಾಕುತ್ತಾನೆ. ಅದಕ್ಕೆ ದಂಡ ಏನೆಂದರೆ ಎರಡನೇ ಲೆವೆಲ್‌ಗೆ ಹೋಗಲು 4000 ಅನುಭವದ ಅಂಕ ಬೇಕು. ಫೈಟರ್‌ಗೆ 2000 ಸಾಕು, ಥೀಫ್‌ಗೆ ಬರೀ 1200. ಎಲ್ಫ್ ಎರಡಕ್ಕೆ ಕಾಲಿಡುವ ಹೊತ್ತಿಗೆ ಫೈಟರ್ ಮೂರಕ್ಕೆ ಹೋಗಿರುತ್ತಾನೆ.

ಲೆವೆಲ್ ಮಿತಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ಮಿತಿ ಮುಟ್ಟುವವರೆಗೆ ಎಲ್ಫ್‌ಗೆ ಏನೂ ನಷ್ಟವಿಲ್ಲ, ಮುಟ್ಟಿದ ಮೇಲೆ ಎಲ್ಲವೂ ನಷ್ಟ. ಹೆಚ್ಚಿನ ಕ್ಯಾಂಪೇನ್‌ಗಳು ಅಲ್ಲಿಯವರೆಗೆ ಹೋಗುವುದೇ ಇಲ್ಲ, ಹಾಗಾಗಿ ಆ ದಂಡ ಕಾಗದದ ಮೇಲಷ್ಟೇ ಇರುತ್ತದೆ. ಆದರೆ ರೇಸ್ ಅನ್ನೇ ಕ್ಲಾಸ್ ಮಾಡುವುದನ್ನು ತಳ್ಳಿಹಾಕಬೇಡಿ. ಒಂದು ಸಂಜೆ ಆಡಿ ಮುಗಿಸುವ ಆಟಕ್ಕೆ, ರೂಲ್ಸ್ ಓದದ ಸ್ನೇಹಿತರಿಗೆ ಅದು ಈಗಲೂ ಚೆನ್ನ. ಬ್ಯಾಲೆನ್ಸ್ ಮಾಡುವವನಿಗೂ ಸುಲಭ. ಹತ್ತು ರೇಸ್, ಹನ್ನೆರಡು ಕ್ಲಾಸ್ ಇದ್ದರೆ ನೂರಿಪ್ಪತ್ತು ಜೋಡಿ ಪರೀಕ್ಷಿಸಬೇಕು, ಇಲ್ಲಿ ಏಳೆಂಟು ಸಾಕು.

ಮೂರನೇ ಆವೃತ್ತಿಯ ಕಾಲದ ಲೆವೆಲ್ ಅಡ್ಜಸ್ಟ್‌ಮೆಂಟ್ ಮಾತ್ರ ಬೇಡವೇ ಬೇಡ. ಡ್ರೋ ಎಲ್ಫ್ ಬಲಿಷ್ಠ, ಹಾಗಾಗಿ ಅವನನ್ನು ಎರಡು ಲೆವೆಲ್ ಮೇಲಿನವನು ಅಂತ ಎಣಿಸಿ ಅಂದರು. 3ನೇ ಲೆವೆಲ್ ಡ್ರೋ ವಿಜರ್ಡ್ 5ನೇ ಲೆವೆಲ್‌ನವರ ಜೊತೆ ಆಡಬೇಕು. ಅಲ್ಲಿ ಬೇರೆಯವರ ವಿಜರ್ಡ್ ಫೈರ್‌ಬಾಲ್ ಹಾಕುತ್ತಿದ್ದರೆ ಇವನಿಗೆ ಆ ಮಂತ್ರ ಇನ್ನೂ ಬಂದಿರುವುದಿಲ್ಲ, ಹಿಟ್ ಪಾಯಿಂಟೂ ಕಡಿಮೆ.

ಅಂಕಕ್ಕಿಂತ ಅಪಾಯದ ಗುಣಗಳು

ನಿಜವಾಗಿ ಟೇಬಲ್ ಕೆಡಿಸುವುದು ಒಂದು ಥರದ ಸಮಸ್ಯೆಯನ್ನೇ ಅಳಿಸಿಹಾಕುವ ಗುಣಗಳು. ಹಾರುವುದು ಇದರಲ್ಲಿ ಎಲ್ಲಕ್ಕಿಂತ ದೊಡ್ಡದು. ಐದನೇ ಆವೃತ್ತಿಯಲ್ಲಿ ಮೊದಲು ಬಂದ ಆರಕೋಕ್ರ ಅನ್ನುವ ಹಕ್ಕಿಮನುಷ್ಯರ ರೇಸ್ ಮೊದಲ ಲೆವೆಲ್‌ನಿಂದಲೇ 50 ಅಡಿ ವೇಗದಲ್ಲಿ ಹಾರುತ್ತಿತ್ತು. ಕಂದಕ, ಕೋಟೆ ಗೋಡೆ, ಮುರಿದ ಸೇತುವೆ, ಬಿಲ್ಲಿಲ್ಲದ ಶತ್ರು, ಎಲ್ಲವೂ ಅವನಿಗೆ ಒಂದೇ. ರೋಗ್ (ಕಳ್ಳನ ಕ್ಲಾಸ್) ಆಡುವವನು ಗೋಡೆ ಹತ್ತುವುದನ್ನು ಕಲಿತು ಕಾಯುತ್ತಿರುತ್ತಾನೆ, ಇವನು ಹಾರಿ ಹೋಗಿ ಹಗ್ಗ ಇಳಿಬಿಡುತ್ತಾನೆ. ಯಾವ +2 ಕೂಡ ಇಂಥ ಕೆಲಸ ಮಾಡುವುದಿಲ್ಲ.

ಪೂರ್ತಿ ನಿಷೇಧಿಸುವುದು ಒಂದು ದಾರಿ. ನನಗೆ ಅದಕ್ಕಿಂತ ಹಿಡಿಸುವುದು ಹಂತಹಂತವಾಗಿ ಕೊಡುವುದು: ಮೊದಲು ಮೇಲಿಂದ ತೇಲಿ ಇಳಿಯಲು ಮಾತ್ರ, 3ನೇ ಲೆವೆಲ್‌ಗೆ ಒಂದು ರೌಂಡ್ ಹಾರಿ ಮತ್ತೆ ನೆಲ ಮುಟ್ಟಬೇಕು, 5ಕ್ಕೆ ಪೂರ್ತಿ. ಆ ಹೊತ್ತಿಗೆ ವಿಜರ್ಡ್‌ಗೆ ಫ್ಲೈ ಮಂತ್ರ ಹೇಗೂ ಬಂದಿರುತ್ತದೆ, ನಿಮ್ಮ ಶತ್ರುಗಳ ಕೈಗೂ ಬಿಲ್ಲು ಬಂದಿರುತ್ತದೆ.

ಕತ್ತಲಲ್ಲಿ ಕಾಣುವ ಶಕ್ತಿ ಇನ್ನೊಂದು, ಇದು ಸದ್ದಿಲ್ಲದೆ ಕೆಡಿಸುತ್ತದೆ. 2014ರ ಮುಖ್ಯ ಪುಸ್ತಕದ ಒಂಬತ್ತು ರೇಸ್‌ಗಳಲ್ಲಿ ಆರಕ್ಕೆ ಡಾರ್ಕ್‌ವಿಷನ್ ಇದೆ. ಇಲ್ಲದವರು ಮನುಷ್ಯ, ಹಾಫ್‌ಲಿಂಗ್, ಡ್ರಾಗನ್‌ಬಾರ್ನ್. ಐದು ಜನರ ತಂಡದಲ್ಲಿ ನಾಲ್ವರಿಗೆ ಇದ್ದು ಒಬ್ಬನಿಗೆ ಇಲ್ಲದಿದ್ದರೆ, ಪಂಜು ಹಿಡಿದು ಎಲ್ಲರ ಗುಟ್ಟು ಬಯಲು ಮಾಡುವವನು ಅವನೇ. ಎಲ್ಲರಿಗೂ ಕೊಡಿ ಅಥವಾ ಒಂದಿಬ್ಬರಿಗೆ ಮಾತ್ರ ಕೊಡಿ. ಒಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಕೊಡುವುದು ಎಲ್ಲಕ್ಕಿಂತ ಕೆಟ್ಟದ್ದು.

ವಿಷ ತಡೆಯುವುದು, ನಾಲ್ಕು ಗಂಟೆಯಲ್ಲೇ ವಿಶ್ರಾಂತಿ ಮುಗಿಸುವುದು, ದಾಳದಲ್ಲಿ 1 ಬಿದ್ದರೆ ಮತ್ತೆ ಉರುಳಿಸುವುದು ಇವೆಲ್ಲ ಒಳ್ಳೆ ಗುಣಗಳು. ಅವುಗಳ ಬಗ್ಗೆ ಚಿಂತೆ ಬೇಡ.

ಕ್ಲಾಸ್: ಎಲ್ಲ ವಿಶ್ರಾಂತಿಯ ಲೆಕ್ಕ

ಫೈಟರ್ ಮೆಲ್ಲಗೆ ಬೆಳೆಯುತ್ತಾನೆ, ವಿಜರ್ಡ್ ಒಮ್ಮೆಗೇ ಮೇಲೇಳುತ್ತಾನೆ ಅನ್ನುವ ದೂರು ಹಳೆಯದು. 1981ರ ಆಟದಲ್ಲಿ ಇದಕ್ಕೆ ಮದ್ದು ಕಾಲದಲ್ಲಿತ್ತು: ಮ್ಯಾಜಿಕ್-ಯೂಸರ್‌ಗೆ ಮೊದಲ ಲೆವೆಲ್‌ನಲ್ಲಿ ನಾಲ್ಕು ಮುಖದ ದಾಳದಷ್ಟು ಹಿಟ್ ಪಾಯಿಂಟ್, ದಿನಕ್ಕೆ ಒಂದೇ ಮಂತ್ರ, ಎರಡನೇ ಲೆವೆಲ್‌ಗೆ 2500 ಅಂಕ. ಈಗ ಕಷ್ಟಪಡು, ಆಮೇಲೆ ಆಳು. ವರ್ಷಗಟ್ಟಲೆ ನಡೆಯುವ ಕ್ಯಾಂಪೇನ್‌ಗೆ ಇದು ನ್ಯಾಯವೇ. 3ನೇ ಲೆವೆಲ್‌ಗೆ ನಿಂತುಹೋಗುವ ಕ್ಯಾಂಪೇನ್‌ನಲ್ಲಿ ಬಡಪಾಯಿ ಕಷ್ಟಪಟ್ಟಿದ್ದಷ್ಟೇ ಬಂತು. 10ರಿಂದ ಶುರು ಮಾಡಿದರೆ ಕಷ್ಟವೇ ಇಲ್ಲದೆ ಆಳುತ್ತಾನೆ.

2008ರ ನಾಲ್ಕನೇ ಆವೃತ್ತಿ ಎದುರು ದಿಕ್ಕಿಗೆ ಹೋಯಿತು. ಎಲ್ಲ ಕ್ಲಾಸ್‌ಗೂ ಒಂದೇ ಚೌಕಟ್ಟು: ಯಾವಾಗ ಬೇಕಾದರೂ ಬಳಸುವ ಶಕ್ತಿ, ಹೊಡೆದಾಟಕ್ಕೆ ಒಮ್ಮೆ, ದಿನಕ್ಕೆ ಒಮ್ಮೆ. ತಡೆಯುವವನು, ಹೊಡೆಯುವವನು, ತಂಡ ನಡೆಸುವವನು, ರಣರಂಗ ಹಿಡಿತದಲ್ಲಿಡುವವನು ಅಂತ ನಾಲ್ಕು ಪಾತ್ರ. ಬ್ಯಾಲೆನ್ಸ್ ಮಾತ್ರ ನೋಡಿದರೆ ಇದರಷ್ಟು ಗಟ್ಟಿಯಾದದ್ದು ಡಿ ಅಂಡ್ ಡಿ ಕುಟುಂಬದಲ್ಲಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಫೈಟರ್ ಕೂಡ ಮಂತ್ರವಾದಿಯ ಹಾಗೆ ಕಾರ್ಡ್ ನೋಡಿ ಆಡಬೇಕಾಯಿತು ಅಂತ ಎಷ್ಟೋ ಜನ ಬೇಸರಪಟ್ಟರು. ಅವರ ಮಾತಲ್ಲೂ ಹುರುಳಿದೆ. ಹೊಡೆದಾಟವೇ ಮುಖ್ಯ, ಮ್ಯಾಪ್ ಹಾಸಿ ಚೌಕ ಎಣಿಸಿ ಆಡುವ ಗುಂಪಾದರೆ ಇದನ್ನೇ ಆರಿಸಿ.

ಐದನೇ ಆವೃತ್ತಿ ಎರಡರ ನಡುವೆ ನಿಂತಿದೆ, ಮತ್ತು ಅದರ ಬ್ಯಾಲೆನ್ಸ್ ಪೂರ್ತಿ ವಿಶ್ರಾಂತಿಯ ಮೇಲೆ ನಿಂತಿದೆ. ವಿಜರ್ಡ್‌ಗೆ ಮಂತ್ರಗಳು ವಾಪಸ್ ಬರುವುದು 8 ಗಂಟೆಯ ಲಾಂಗ್ ರೆಸ್ಟ್‌ನಲ್ಲಿ. ಫೈಟರ್‌ನ ಆ್ಯಕ್ಷನ್ ಸರ್ಜ್ (ಒಂದು ಸಲ ಇನ್ನೊಮ್ಮೆ ಹೊಡೆಯುವ ಅವಕಾಶ), ವಾರ್ಲಾಕ್ ಅನ್ನುವ ಇನ್ನೊಂದು ಥರದ ಮಂತ್ರವಾದಿಯ ಮಂತ್ರಗಳು 1 ಗಂಟೆಯ ಶಾರ್ಟ್ ರೆಸ್ಟ್‌ನಲ್ಲೇ ಬರುತ್ತವೆ. ರೋಗ್‌ನ ಸ್ನೀಕ್ ಅಟ್ಯಾಕ್‌ಗೆ (ಹೊಂಚು ನೋಡಿ ಹೊಡೆಯುವ ಏಟು) ಯಾವ ರೆಸ್ಟೂ ಬೇಡ. ಡಿಎಂಗೆ (ಆಟ ಆಡಿಸುವವನಿಗೆ) ಬರೆದ 2014ರ ಪುಸ್ತಕ ಒಂದು ದಿನಕ್ಕೆ 6ರಿಂದ 8 ಹೊಡೆದಾಟ ಅಂತ ಎಣಿಸಿದೆ. ಅಷ್ಟು ಆಡಿಸುವವರು ಎಷ್ಟು ಜನ? ಕಥೆ, ಮಾತುಕತೆ ಜಾಸ್ತಿ ಇರುವ ಟೇಬಲ್‌ಗಳಲ್ಲಿ ದಿನಕ್ಕೆ ಒಂದು ಬಂದರೆ ಹೆಚ್ಚು.

ಲೆಕ್ಕ ಹಾಕೋಣ. ಇಬ್ಬರೂ 5ನೇ ಲೆವೆಲ್, ಮುಖ್ಯ ಗುಣ 18, ಎದುರಾಳಿಯ ಆರ್ಮರ್ ಕ್ಲಾಸ್ 15. ಫೈಟರ್ ಲಾಂಗ್‌ಸ್ವೋರ್ಡ್‌ನಲ್ಲಿ ಎರಡು ಸಲ ಹೊಡೆದರೆ ಕ್ರಿಟಿಕಲ್ ಸೇರಿಸಿ ಸರಾಸರಿ 11.5, ಫೈಟಿಂಗ್ ಸ್ಟೈಲ್, ಸಬ್‌ಕ್ಲಾಸ್ ಅನ್ನುವ ಉಳಿದ ಬೋನಸ್ ಬಿಟ್ಟು. ವಿಜರ್ಡ್‌ನ ಫೈರ್‌ಬಾಲ್ ಸರಾಸರಿ 28. ಮೂವರಿಗೆ ತಾಗಿ, ಸೇವ್‌ನಲ್ಲಿ (ತಪ್ಪಿಸಿಕೊಳ್ಳಲು ಉರುಳಿಸುವ ದಾಳ) ಅರ್ಧದಷ್ಟು ಸಲ ಗೆದ್ದು ಅರ್ಧ ಡ್ಯಾಮೇಜ್‌ಗೆ ಪಾರಾದರೆ ಒಟ್ಟು 63. ದಿನಕ್ಕೆ ಒಂದೇ ಹೊಡೆದಾಟ, ನಾಲ್ಕು ರೌಂಡ್ ಅಂದುಕೊಳ್ಳಿ. ವಿಜರ್ಡ್ ಎರಡು ಫೈರ್‌ಬಾಲ್, ಎರಡು ಸ್ಕಾರ್ಚಿಂಗ್ ರೇ (ಅದಕ್ಕಿಂತ ಸಣ್ಣ ಬೆಂಕಿಮಂತ್ರ) ಹಾಕಿ ಸುಮಾರು 155 ಮಾಡುತ್ತಾನೆ. ಫೈಟರ್ ಆ್ಯಕ್ಷನ್ ಸರ್ಜ್ ಸೇರಿಸಿ 57ರ ಹತ್ತಿರ. ಮೂರು ಪಟ್ಟಿಗೆ ಸ್ವಲ್ಪ ಕಡಿಮೆ!

ಈಗ ಅದೇ ದಿನದಲ್ಲಿ ಆರು ಹೊಡೆದಾಟ, ನಡುವೆ ಎರಡು ಶಾರ್ಟ್ ರೆಸ್ಟ್. ಒಟ್ಟು 24 ರೌಂಡ್. ವಿಜರ್ಡ್ ಆರ್ಕೇನ್ ರಿಕವರಿ ಅನ್ನುವ ಶಕ್ತಿಯಿಂದ ಒಂದು ಸ್ಲಾಟ್ (ಒಂದು ಮಂತ್ರ ಹಾಕುವ ಅವಕಾಶ) ವಾಪಸ್ ಪಡೆದು ಮೂರು ಫೈರ್‌ಬಾಲ್, ಮೂರು ಸ್ಕಾರ್ಚಿಂಗ್ ರೇ ಹಾಕಿ, ಉಳಿದ 18 ರೌಂಡ್ ಫೈರ್ ಬೋಲ್ಟ್ (ಸ್ಲಾಟ್ ಖರ್ಚಾಗದ ಪುಟ್ಟ ಮಂತ್ರ) ಎಸೆಯುತ್ತಾ ಕೂರಬೇಕು. ಒಟ್ಟು 370ರ ಸುಮಾರು. ಫೈಟರ್ ಮೂರು ಆ್ಯಕ್ಷನ್ ಸರ್ಜ್ ಸೇರಿ 310. ಫೈಟರ್‌ಗೆ ಹಿಟ್ ಪಾಯಿಂಟ್, ಆರ್ಮರ್ ಜಾಸ್ತಿ ಅನ್ನುವುದನ್ನೂ ಸೇರಿಸಿದರೆ ಇಬ್ಬರೂ ಭುಜಕ್ಕೆ ಭುಜ ನಿಂತಿದ್ದಾರೆ. ರೂಲ್ಸ್‌ನಲ್ಲಿ ಒಂದಕ್ಷರ ಬದಲಾಗಿಲ್ಲ, ದಿನ ಉದ್ದ ಆಯಿತು ಅಷ್ಟೇ.

ಹಾಗಾದರೆ ಯಾವುದು?

ಗುಹೆ, ಕೋಟೆ ಹೊಕ್ಕು ಕೋಣೆ ಕೋಣೆ ಹುಡುಕುವ ಆಟ ನಿಮ್ಮದಾದರೆ ಐದನೇ ಆವೃತ್ತಿಯ ಕ್ಲಾಸ್‌ಗಳನ್ನು ಮುಟ್ಟಬೇಡಿ. ಅಲ್ಲಿ ಕಣ್ಣಿಡಬೇಕಾದ್ದು ರೇಸ್‌ಗಳ ಮೇಲೆ, ಅದರಲ್ಲೂ ಹಾರುವವರ ಮೇಲೆ. ಬೋನಸ್ ಸ್ಥಿರವಾಗಿದ್ದರೂ ಪರವಾಗಿಲ್ಲ.

ಕಥೆಯೇ ಮುಖ್ಯ, ವಾರಕ್ಕೊಂದು ಹೊಡೆದಾಟ ಅನ್ನುವವರು ಅಂಕಗಳನ್ನು ಬಿಟ್ಟುಕೊಡಿ, ಯಾರು ಯಾವ ರೇಸ್ ಬೇಕಾದರೂ ಆಡಲಿ. ನಿಮ್ಮ ತಲೆನೋವು ಕ್ಲಾಸ್‌ಗಳದ್ದು. 2014ರ ಡಿಎಂ ಪುಸ್ತಕದಲ್ಲೇ ಗ್ರಿಟಿ ರಿಯಲಿಸಂ ಅನ್ನುವ ಐಚ್ಛಿಕ ನಿಯಮ ಇದೆ: ಶಾರ್ಟ್ ರೆಸ್ಟ್ 8 ಗಂಟೆ, ಲಾಂಗ್ ರೆಸ್ಟ್ 7 ದಿನ. ಆರು ಹೊಡೆದಾಟದ ಒಂದು ದಿನವನ್ನು ಎರಡು ಮೂರು ವಾರಕ್ಕೆ ಹಿಗ್ಗಿಸಿದ ಹಾಗೆ. ಹೆಸರು ನೋಡಿ ಹೆದರಬೇಡಿ, ಆಟ ಕ್ರೂರ ಏನೂ ಆಗುವುದಿಲ್ಲ.

ಲೆವೆಲ್ 11 ದಾಟಿ ಹೋಗುವ ಉದ್ದದ ಕ್ಯಾಂಪೇನ್, ಓದುವ ಹುಮ್ಮಸ್ಸಿರುವ ಆಟಗಾರರು ಇದ್ದರೆ ಪಾತ್‌ಫೈಂಡರ್ ಎರಡನೇ ಆವೃತ್ತಿಗೇ ಹೋಗಿಬಿಡಿ. ಒಂದು ಸಂಜೆಯ ಆಟಕ್ಕೆ ರೇಸ್ ಕ್ಲಾಸ್ ಒಂದೇ ಆಗಿರುವ ಹಳೆ ಪದ್ಧತಿ.

ಆಟ ಆಗಲೇ ಅರ್ಧ ನಡೆದಿದ್ದರೆ ಯಾರಿಂದಲೂ ಏನೂ ಕಿತ್ತುಕೊಳ್ಳಬೇಡಿ, ಹಿಂದೆ ಬಿದ್ದವರಿಗೆ ಕೊಡಿ. ಮೇಲಿನ ಲೆಕ್ಕದ ಫೈಟರ್ ಕೈಗೆ ಫ್ಲೇಮ್ ಟಂಗ್ ಕತ್ತಿ ಕೊಟ್ಟರೆ ಪ್ರತಿ ಏಟಿಗೂ ಆರು ಮುಖದ ಎರಡು ದಾಳ ಜಾಸ್ತಿ, 11.5 ಇದ್ದದ್ದು 20 ದಾಟುತ್ತದೆ. ವಿಜರ್ಡ್ ಆಡುವವನು ಮುಖ ಸಿಂಡರಿಸುವುದೂ ಇಲ್ಲ. ರೆಸ್ಟ್ ನಿಯಮ ಬದಲಿಸುವುದಾದರೆ ಮಾತ್ರ ಮೊದಲೇ ಎಲ್ಲರನ್ನೂ ಕೂರಿಸಿ ಹೇಳಿ, ಮತ್ತು ಹೊತ್ತಿನ ಮೇಲೆ ನಡೆಯುವ ಮಂತ್ರಗಳನ್ನೂ ಹಿಗ್ಗಿಸಿ. ವಿಜರ್ಡ್‌ಗೆ ಕವಚವಾಗುವ ಮಂತ್ರ ಮೇಜ್ ಆರ್ಮರ್ 8 ಗಂಟೆ ಇರುವುದು ಒಂದು ದಿನದ ಹೊಡೆದಾಟಗಳಿಗೆ ಸಾಕಾಗಲಿ ಅಂತ. ದಿನ ಮೂರು ವಾರ ಆದ ಮೇಲೂ ಅದು 8 ಗಂಟೆಯೇ ಉಳಿದರೆ, ಪಾಪ, ವಿಜರ್ಡ್ ಎರಡನೇ ಹೊಡೆದಾಟದಿಂದ ಬರೀ ಅಂಗಿಯಲ್ಲೇ ನಿಲ್ಲಬೇಕಾಗುತ್ತದೆ.